ಟೀವಿ ಹಿಂದಿನ ವೈರ್‌ಗಳಿಗೆ ತಂದ ಕಿಟ್: ಎಂಟು ತಿಂಗಳಾದ ಮೇಲೆ ಏನೇನು ಉಳಿದಿದೆ

ಟೀವಿ ಹಿಂದಿನ ವೈರ್‌ಗಳನ್ನು ಅಚ್ಚುಕಟ್ಟು ಮಾಡೋಕೆ ಅಂತ ಮಾರುತ್ತಾರಲ್ಲ, ಅಂಥ ಒಂದು ಕಿಟ್ ತಂದು ಎಂಟು ತಿಂಗಳಾಯಿತು. ಅದರಲ್ಲಿ ವೆಲ್ಕ್ರೋ ಪಟ್ಟಿಗಳಿದ್ದವು, ಗೋಡೆಗೆ ಹಾಕುವ ಪ್ಲಾಸ್ಟಿಕ್ ಕೇಸಿಂಗ್ ಇತ್ತು, ಜಿಪ್ ಇರುವ ಬಟ್ಟೆಯ ಕವಚ, ಅಂಟಿಸುವ ಕ್ಲಿಪ್‌ಗಳು, ಎಕ್ಸ್‌ಟೆನ್ಷನ್ ಬೋರ್ಡನ್ನು ಮುಚ್ಚಿಡುವ ಒಂದು ಡಬ್ಬ, ಜೊತೆಗೆ ಉಚಿತ ಅಂತ ಒಂದು ಹಿಡಿ ಕೇಬಲ್ ಟೈ. ಇವತ್ತು ನಮ್ಮ ಟೀವಿ ಹಿಂದೆ ಉಳಿದಿರುವುದು ವೆಲ್ಕ್ರೋ, ಕೇಸಿಂಗ್, ಮತ್ತೆ ಅರ್ಧ ಕವಚ. ಕ್ಲಿಪ್‌ಗಳು ಉದುರಿಹೋದವು. ಕೇಬಲ್ ಟೈಗಳನ್ನು ಕತ್ತರಿಸಿ ಹಾಕಿದೆ. ಡಬ್ಬವನ್ನು ನಾನೇ ತೆಗೆದೆ. ಬೇರೇನೂ ಓದದಿದ್ದರೂ ಆ ಡಬ್ಬದ ಬಗ್ಗೆ ಬರೆದದ್ದನ್ನು ಮಾತ್ರ ದಯವಿಟ್ಟು ಓದಿ.

ಇದನ್ನು ತರಬೇಕು ಅನ್ನಿಸಿದ್ದು ಅಂದಕ್ಕಲ್ಲ. ಒಂದು ಮಧ್ಯಾಹ್ನ ನಾನು ಕೆಲಸದಲ್ಲಿದ್ದಾಗ ಅಮ್ಮ ವೈಫೈನಲ್ಲಿ ಫೋನ್ ಮಾಡಿದಳು. ಟೀವಿಯಲ್ಲಿ ಚಿತ್ರ ನಿಂತುಹೋಗಿದೆ ಅಂದಳು. ಸೆಟ್ ಟಾಪ್ ಬಾಕ್ಸ್ ವೈರ್ ತೆಗೆದು, ಹತ್ತು ಎಣಿಸಿ, ಮತ್ತೆ ಹಾಕಮ್ಮ ಅಂದೆ. "ಯಾವುದೇ ಅದು? ಎಲ್ಲಾ ಕಪ್ಪಗೇ ಇವೆಯಲ್ಲೇ" ಅಂತ ಹೇಳುತ್ತಲೇ ಒಂದನ್ನು ಎಳೆದಳು. ಕಾಲ್ ಕಟ್ ಆಯಿತು. ಎಳೆದದ್ದು ರೂಟರ್ ವೈರು. ಆಮೇಲೆ ಅದನ್ನು ವಾಪಸ್ ಹಾಕಲು ಹೋಗಿ ಅದರ ಪಕ್ಕದ ಅಡಾಪ್ಟರ್ ಸಡಿಲವಾಗಿದೆ. ಸಂಜೆ ಬಂದು ನೋಡಿದರೆ ಅಮ್ಮ ಟೀವಿ ಆಫ್ ಮಾಡಿ ಸುಮ್ನೆ ಕೂತಿದ್ದಳು. ಏನೋ ಕೆಡಿಸಿಬಿಟ್ಟೆ ಅನ್ನೋ ಭಯ ಅವಳಿಗೆ. ನನಗೆ ನಿಜಕ್ಕೂ ಬೇಜಾರಾಯಿತು. ತಪ್ಪು ಅವಳದ್ದಲ್ಲ. ಒಂದೇ ಬಣ್ಣದ, ಒಂದೇ ದಪ್ಪದ ವೈರ್‌ಗಳು ಒಂದರ ಮೇಲೊಂದು ಬಿದ್ದಿದ್ದರೆ ಯಾರಿಗೆ ಗೊತ್ತಾಗುತ್ತದೆ?

ಹಾಗಾಗಿ ಈ ಕಿಟ್‌ನ ಒಂದೊಂದು ಸಾಮಾನನ್ನೂ ನಾನು ಅಳೆದದ್ದು ಒಂದೇ ಪ್ರಶ್ನೆಯಿಂದ. ಇದನ್ನು ಹಾಕಿದ ಮೇಲೆ, ಬೇರೆ ಯಾವುದನ್ನೂ ಅಲುಗಾಡಿಸದೆ, ಬೇಕಾದ ಒಂದೇ ವೈರನ್ನು ಎಳೆದು ತೆಗೆಯಬಹುದಾ? ಗೋಜಲು ಕಾಣದ ಹಾಗೆ ಮುಚ್ಚಿಟ್ಟರೆ ಕಣ್ಣಿಗೇನೋ ಹಿತ. ಆದರೆ ಕೈ ಹಾಕಿದಾಗ ಅದು ಅದೇ ಗೋಜಲು ಅಲ್ವಾ?

ಕಿಟ್ ಬಿಚ್ಚುವ ಮೊದಲು ಎಲ್ಲಾ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದುಕೊಂಡೆ. ಟೀವಿಯ ಹಿಂದೆ ಯಾವ ತೂತಿಗೆ ಯಾವುದು ಹೋಗಿತ್ತು ಅನ್ನೋದು ಆಮೇಲೆ ಖಂಡಿತ ಮರೆಯುತ್ತದೆ. ಆಮೇಲೆ ಒಂದೊಂದೇ ಎಳೆದು ನೆಲದ ಮೇಲೆ ಸಾಲಾಗಿ ಹಾಸಿದೆ. ಹನ್ನೊಂದು ವೈರ್. ಧೂಳು ಹೇಗೆ ಕೂತಿತ್ತು ಅಂದರೆ, ಒರೆಸಿದ ಬಟ್ಟೆಗೆ ಬೂದು ಬಣ್ಣದ ಹತ್ತಿಯ ಹಾಗೆ ಪದರ ಪದರವಾಗಿ ಬಂತು. ಹನ್ನೊಂದರಲ್ಲಿ ನಾಲ್ಕು ವೈರ್ ಯಾವುದಕ್ಕೂ ಬೇಕಾಗಿರಲಿಲ್ಲ! ಹಳೆಯ ಡಿವಿಡಿ ಪ್ಲೇಯರ್ ಎಂದೋ ಹೋಗಿತ್ತು. ಅದರ ಹಳದಿ, ಕೆಂಪು, ಬಿಳಿ ಪಿನ್ನಿನ ವೈರ್ ಮಾತ್ರ ಇನ್ನೂ ಜೋತಾಡುತ್ತಿತ್ತು.

ಇನ್ನೊಂದು ಬೇಡದ ವೈರ್ ಸೌಂಡ್‌ಬಾರ್‌ಗೆ ಹೋಗುತ್ತಿದ್ದ ಆಪ್ಟಿಕಲ್ ಕೇಬಲ್. ತುದಿಯಲ್ಲಿ ಕೆಂಪು ಬೆಳಕು ಕಾಣುತ್ತದಲ್ಲ, ಅದು. ತೋಷಿಬಾ ಕಂಪನಿ 1983ರಲ್ಲಿ ತಂದ ತಂತ್ರ ಅದು, ಇವತ್ತಿಗೂ ಚೆನ್ನಾಗೇ ಕೆಲಸ ಮಾಡುತ್ತದೆ. ಆದರೆ ನಿಮ್ಮ ಟೀವಿಯಲ್ಲೂ ಸೌಂಡ್‌ಬಾರ್‌ನಲ್ಲೂ ಎಚ್‌ಡಿಎಂಐ (ಚಿತ್ರ, ಶಬ್ದ ಎರಡನ್ನೂ ಒಂದೇ ವೈರಿನಲ್ಲಿ ಒಯ್ಯುವಂಥದ್ದು) ತೂತಿನ ಪಕ್ಕ ಎಆರ್‌ಸಿ (ARC) ಅಂತ ಬರೆದಿದ್ದರೆ ಬೇರೆ ವೈರೇ ಬೇಡ. 2009ರಲ್ಲಿ ಬಂದ ಎಚ್‌ಡಿಎಂಐ 1.4ರಿಂದ ಈ ಸೌಲಭ್ಯ ಇದೆ. ಅದೇ ಎಚ್‌ಡಿಎಂಐ ವೈರ್‌ನಲ್ಲಿ ಟೀವಿಯಿಂದ ಶಬ್ದ ವಾಪಸ್ ಬರುತ್ತದೆ. ಎರಡೂ ಕಡೆ ಆ ಹೆಸರಿರುವ ತೂತಿಗೇ ಹಾಕಬೇಕು, ಪಕ್ಕದ ತೂತಿಗೆ ಹಾಕಿದರೆ ಶಬ್ದ ಬರುವುದಿಲ್ಲ. ಟೀವಿಯ ಸೆಟ್ಟಿಂಗ್ಸ್‌ನಲ್ಲಿ ಇದನ್ನು ಆನ್ ಮಾಡಬೇಕಾಗಲೂಬಹುದು.

ಇನ್ನೊಂದು ಅಡಾಪ್ಟರ್ ಕಡಿಮೆ ಮಾಡೋಣ ಅಂತ, ಇಂಟರ್ನೆಟ್ಟಿನ ಸಿನಿಮಾ ನೋಡಲು ಟೀವಿಗೆ ಸಿಕ್ಕಿಸುವ ಸ್ಟ್ರೀಮಿಂಗ್ ಸ್ಟಿಕ್ಕಿಗೆ ಟೀವಿಯ ಯುಎಸ್‌ಬಿಯಿಂದಲೇ ಪವರ್ ಕೊಟ್ಟು ನೋಡಿದೆ. ಅದು ನಡುನಡುವೆ ತಾನೇ ಆಫ್ ಆಗಿ ಆನ್ ಆಗತೊಡಗಿತು. ಸಾಮಾನ್ಯ ಯುಎಸ್‌ಬಿ 2.0 ತೂತು ಕೊಡುವುದು 500 ಮಿಲಿ ಆಂಪಿಯರ್, ಇಂಥ ಎಷ್ಟೋ ಸ್ಟಿಕ್‌ಗಳಿಗೆ ಅದಕ್ಕಿಂತ ಜಾಸ್ತಿ ಬೇಕು. ವಾಪಸ್ ಅದರದ್ದೇ ಅಡಾಪ್ಟರ್‌ಗೆ ಹಾಕಿದೆ. ಒಂದು ವೈರ್ ಉಳಿಸಲು ಹೋಗಿ ದಿನಾ ಕಿರಿಕಿರಿ ಅನುಭವಿಸುವುದು ಬೇಡ.

ಈಗ ಕಿಟ್‌ಗೆ ಬರೋಣ. ವೆಲ್ಕ್ರೋ ಪಟ್ಟಿ ಇದರಲ್ಲಿ ಎಲ್ಲಕ್ಕಿಂತ ಸಣ್ಣ ಸಾಮಾನು, ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದೂ ಅದೇ. ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಉದ್ದ, ಒಂದು ತುದಿಯಲ್ಲಿ ಸೀಳು. ಆ ಸೀಳಿನೊಳಗೆ ಇನ್ನೊಂದು ತುದಿ ತೂರಿಸಿ ವೈರಿಗೆ ಸುತ್ತಿದರೆ ಪಟ್ಟಿ ಆ ವೈರಿನಲ್ಲೇ ಕೂತಿರುತ್ತದೆ, ಬಿಚ್ಚಿದರೂ ಕೆಳಗೆ ಬಿದ್ದು ಕಳೆದುಹೋಗುವುದಿಲ್ಲ. ಇದು ಬಹಳ ಒಳ್ಳೆಯ ಏರ್ಪಾಡು. ಸೀಳಿಲ್ಲದ ಪಟ್ಟಿ ಕೊಳ್ಳಬೇಡಿ. ವೆಲ್ಕ್ರೋದ ಹುಟ್ಟು ನನಗೆ ತುಂಬಾ ಇಷ್ಟದ ವಿಷಯ. 1941ರಲ್ಲಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ದ ಮೆಸ್ಟ್ರಾಲ್ ನಾಯಿ ಕರೆದುಕೊಂಡು ಸುತ್ತಾಡಿ ಬಂದಾಗ ಬಟ್ಟೆಗೂ ನಾಯಿಯ ಕೂದಲಿಗೂ ಅಂಟಿದ್ದ ಮುಳ್ಳುಕಾಯಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮುಳ್ಳಿನ ತುದಿ ಕೊಕ್ಕೆಯ ಹಾಗಿತ್ತು. ಒಂದು ಕಡೆ ಕೊಕ್ಕೆ, ಇನ್ನೊಂದು ಕಡೆ ದಾರದ ಕುಣಿಕೆ. ಇವತ್ತು ನಮ್ಮ ಟೀವಿ ಹಿಂದೆ ಹಿಡಿದುಕೊಂಡಿರುವುದೂ ಅದೇ. ಎಂಟು ತಿಂಗಳಲ್ಲಿ ಹದಿನೈದು ಸಲವಾದರೂ ಬಿಚ್ಚಿ ಕಟ್ಟಿದ್ದೇನೆ, ಹಿಡಿತ ಸಡಿಲಾಗಿಲ್ಲ.

ಕೇಬಲ್ ಟೈ ಕಥೆಯೇ ಬೇರೆ. ಮೊದಲ ದಿನ ನಾನು ಅವನ್ನೇ ಹಾಕಿದ್ದೆ. ಕರ್ ಕರ್ ಅಂತ ಎಳೆದಾಗ ಬಿಗಿಯಾಗಿ ಕೂರುತ್ತದಲ್ಲ, ಆ ಬಿಗಿ ನೋಡಿ ಕೆಲಸ ಗಟ್ಟಿಯಾಯಿತು ಅನ್ನಿಸಿತ್ತು. ಎರಡು ದಿನದಲ್ಲಿ ಹೊಸ ತೊಂದರೆ ಶುರು. ಕೆಲವು ನಿಮಿಷಕ್ಕೊಮ್ಮೆ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗಿ ಮತ್ತೆ ಬರುತ್ತಿತ್ತು. 4ಕೆ, ಅಂದರೆ ತುಂಬಾ ಸ್ಪಷ್ಟವಾದ ಚಿತ್ರ, ಹಾಕಿದಾಗ ಮಾತ್ರ ಹೀಗೆ, ಅದಕ್ಕಿಂತ ಕೆಳಗಿನ ಗುಣಮಟ್ಟದಲ್ಲಿ ಏನೂ ಇಲ್ಲ. ಟೀವಿಯೇ ಕೆಟ್ಟಿತಾ ಅಂತ ಹೆದರಿದ್ದೆ. ಹಿಂದೆ ಟಾರ್ಚ್ ಹಾಕಿ ನೋಡಿದರೆ ಎಚ್‌ಡಿಎಂಐ ವೈರ್ ಟೀವಿಯಿಂದ ಹೊರಬರುವಲ್ಲೇ ಚೂಪಾಗಿ ಮಡಚಿಕೊಂಡಿತ್ತು, ಅದರ ಸೊಂಟಕ್ಕೆ ಟೈ ಬಿಗಿದು ಹೊರಗಿನ ರಬ್ಬರ್ ಒಳಕ್ಕೆ ಒತ್ತಿಹೋಗಿತ್ತು. ಆ ವೈರಿನ ಒಳಗೆ ಕೂದಲೆಳೆಯಂಥ ತಂತಿಗಳು ಜೋಡಿ ಜೋಡಿಯಾಗಿ ಹೆಣೆದುಕೊಂಡಿರುತ್ತವೆ. ಜೋಡಿಯ ಎರಡು ತಂತಿಗಳ ನಡುವಿನ ಅಂತರ ಉದ್ದಕ್ಕೂ ಒಂದೇ ಸಮ ಇರಬೇಕು. ಹಿಸುಕಿದರೆ ಆ ಅಂತರ ಕೆಡುತ್ತದೆ, ಸಿಗ್ನಲ್ ಅಲ್ಲಿ ಎಡವುತ್ತದೆ. ಚಿತ್ರದ ಗುಣಮಟ್ಟ ಏರಿದಷ್ಟೂ ಇದರ ಪೆಟ್ಟು ಜಾಸ್ತಿ. 2013ರ ಎಚ್‌ಡಿಎಂಐ 2.0ರಲ್ಲಿ ಸೆಕೆಂಡಿಗೆ 18 ಗಿಗಾಬಿಟ್ ಹೋಗಬಹುದು, 2017ರ 2.1ರಲ್ಲಿ 48 ಗಿಗಾಬಿಟ್. ಅಷ್ಟು ವೇಗದ ವೈರಿಗೆ ಕೊರಳು ಹಿಸುಕಿದರೆ ಹೇಗೆ?

ಟೈ ಕತ್ತರಿಸುವುದೂ ಸುಲಭವಲ್ಲ. ಅಷ್ಟು ಬಿಗಿಯಾದ ಜಾಗದಲ್ಲಿ ಕತ್ತರಿ ಹೋಗುವುದಿಲ್ಲ, ಸ್ವಲ್ಪ ಜಾರಿದರೆ ವೈರಿನ ಸಿಪ್ಪೆಗೇ ಬೀಳುತ್ತದೆ. ಉಗುರು ಕತ್ತರಿಸುವ ಕಟ್ಟರ್‌ನಿಂದ ಮೆಲ್ಲಗೆ ಚಿವುಟಿ ಬಿಡಿಸಿದೆ. ಕತ್ತರಿಸಿ ಉಳಿದ ತುದಿಯ ಮೊನೆ ಬ್ಲೇಡಿನಂತಿರುತ್ತದೆ, ನನ್ನ ಮೊಣಕೈ ಹತ್ತಿರ ಗೀರಿದ ಗುರುತು ವಾರ ಇತ್ತು. ಇವು ಮೊದಲು ಬಂದದ್ದು 1958ರಲ್ಲಿ, ವಿಮಾನದ ಒಳಗಿನ ವೈರ್ ಕಂತೆ ಕಟ್ಟುವುದಕ್ಕೆ. ಒಮ್ಮೆ ಕಟ್ಟಿದ ಮೇಲೆ ಅಲುಗಾಡಬಾರದ ಜಾಗ ಅದು. ಟೀವಿ ಹಿಂದೆ ಹಾಗಲ್ಲ, ಇವತ್ತು ಒಂದು ಪೆಟ್ಟಿಗೆ ಬರುತ್ತದೆ, ನಾಳೆ ಇನ್ನೊಂದು ಹೋಗುತ್ತದೆ. ಟೈ ಬಿಡಿಸಿ, ವೈರನ್ನು ಸಡಿಲವಾಗಿ ಬಾಗಿಸಿ ವೆಲ್ಕ್ರೋ ಹಾಕಿದೆ. ಅವತ್ತಿನಿಂದ ಪರದೆ ಒಂದು ಸಲವೂ ಕಪ್ಪಾಗಿಲ್ಲ.

ಬಿಗಿ ಎಷ್ಟಿರಬೇಕು ಅಂತ ಕೇಳಿದರೆ, ಕಟ್ಟಿದ ಮೇಲೂ ಒಂದು ವೈರನ್ನು ಹಿಡಿದು ಎಳೆದರೆ ಅದು ಕಂತೆಯೊಳಗೆ ಜಾರಬೇಕು. ಜಾರದಿದ್ದರೆ ಬಿಗಿ ಜಾಸ್ತಿಯಾಯಿತು ಅಂತಲೇ. ಡಿಶ್ ಕೇಬಲ್ ಇದ್ದರೆ ಅದರ ಬಗ್ಗೆ ಇನ್ನಷ್ಟು ಹುಷಾರು. ಅದರ ನಡುವೆ ಒಂದೇ ತಾಮ್ರದ ತಂತಿ, ಸುತ್ತ ಬಿಳಿ ಫೋಮ್, ಅದರ ಮೇಲೆ ಲೋಹದ ಹೆಣಿಗೆ. ಚೂಪಾಗಿ ಮಡಚಿದರೆ ಒಳಗಿನ ಫೋಮ್ ಒಮ್ಮೆ ಚಪ್ಪಟೆಯಾದದ್ದು ಮತ್ತೆ ಮೊದಲಿನಂತೆ ಏಳುವುದಿಲ್ಲ. ಅಂಗೈ ಅಗಲದಷ್ಟಾದರೂ ಬಾಗು ಕೊಡಿ.

ಕಿಟ್‌ನಲ್ಲಿ ಇರಲೇಬೇಕಾಗಿದ್ದು, ಆದರೆ ಇಲ್ಲದ್ದು ಹೆಸರಿನ ಚೀಟಿ. ಇದು ನನ್ನ ದೊಡ್ಡ ದೂರು. ಅಷ್ಟು ದೊಡ್ಡ ಪೆಟ್ಟಿಗೆ ಮಾಡಿದವರು ಬರೆಯುವಂಥ ಹತ್ತು ಚೀಟಿ ಹಾಕಲಿಲ್ಲವಲ್ಲ! ನಾನು ಮಾಸ್ಕಿಂಗ್ ಟೇಪ್ ತಂದು, ವೈರಿಗೆ ಒಂದು ಸುತ್ತು ಸುತ್ತಿ, ಎರಡು ತುದಿಯನ್ನು ಬಾವುಟದ ಹಾಗೆ ಅಂಟಿಸಿ, ಮಾರ್ಕರ್‌ನಲ್ಲಿ ಹೆಸರು ಬರೆದೆ. ಒಂದೇ ತುದಿಗೆ ಹಾಕಿದರೆ ಸಾಲದು. ಪ್ಲಗ್ ಇರುವ ತುದಿಗೂ ಬೇಕು, ಪೆಟ್ಟಿಗೆಗೆ ಹೋಗುವ ತುದಿಗೂ ಬೇಕು. ಅಡಾಪ್ಟರ್‌ನ ಬೆನ್ನಿಗೂ ಒಂದೊಂದು ಅಂಟಿಸಿ. ಅಡಾಪ್ಟರ್‌ಗಳ ಪಿನ್ ಒಂದೇ ಗಾತ್ರ ಇದ್ದರೂ ವೋಲ್ಟೇಜ್ ಬೇರೆ ಇರುತ್ತದೆ. ಒಂದು 5 ವೋಲ್ಟ್, ಒಂದು 9, ಇನ್ನೊಂದು 12. ಅದಲುಬದಲಾದರೆ ಪೆಟ್ಟಿಗೆ ಸುಟ್ಟುಹೋಗಬಹುದು. ಅಮ್ಮನಿಗಾಗಿ ಸೆಟ್ ಟಾಪ್ ಬಾಕ್ಸಿನ ಅಡಾಪ್ಟರ್‌ಗೆ ಮಾತ್ರ ಕೆಂಪು ಟೇಪ್ ಸುತ್ತಿದೆ. ಅವಳಿಗೆ ಕನ್ನಡಕ ಇಲ್ಲದೆ ಅಕ್ಷರ ಕಾಣುವುದಿಲ್ಲ, ಬಣ್ಣ ಕಾಣುತ್ತದೆ.

ಕೇಸಿಂಗ್ ಪಟ್ಟಿ ಚೆನ್ನಾಗಿದೆ, ಆದರೆ ಅದರ ಜೊತೆ ಬಂದ ಅಂಟು ನಂಬಿಕೆಗೆ ಸಾಲದು. ಗೋಡೆಯ ಮೇಲಿರುವ ಟೀವಿಯಿಂದ ಕೆಳಗಿನ ಕಪಾಟಿನವರೆಗೆ ವೈರ್ ಇಳಿಯುವುದಕ್ಕೆ ಇದು. ಹಿಂದಿನ ಪಟ್ಟಿ ಗೋಡೆಗೆ ಕೂರುತ್ತದೆ, ಮುಂದಿನ ಮುಚ್ಚಳ ಟಕ್ ಅಂತ ಮೇಲೆ ಕೂರುತ್ತದೆ. ಮುಚ್ಚಳ ಉದ್ದಕ್ಕೂ ತೆರೆಯುವುದರಿಂದ ಎಚ್‌ಡಿಎಂಐನ ದಪ್ಪ ತಲೆಯನ್ನು ಒಳಗೆ ತೂರಿಸುವ ಕಷ್ಟ ಇಲ್ಲ. ಅದಕ್ಕೇ ಕೊಳವೆಗಿಂತ ಇದು ಮೇಲು. ನಾನು ಅಂಟಿಸಿದ ಮೂರನೇ ರಾತ್ರಿ ಧಡ್ ಅಂತ ಸದ್ದು. ಎದ್ದು ನೋಡಿದರೆ ಪಟ್ಟಿ ಮೇಲಿನಿಂದ ಕಿತ್ತು ವೈರಿನ ಭಾರಕ್ಕೆ ಜೋತು ಬಿದ್ದಿದೆ, ಅಂಟಿನ ಹಿಂದೆ ಗೋಡೆಯ ಬಣ್ಣವೂ ಹಪ್ಪಳದ ಹಾಗೆ ಎದ್ದು ಬಂದಿದೆ. ಗೋಡೆ ಒರೆಸದೆ ಅಂಟಿಸಿದ್ದೆ, ಅಂಟಿಸಿದ ಕೂಡಲೇ ವೈರ್ ತುಂಬಿದ್ದೆ. ಇಂಥ ಅಂಟಿಗೆ ಪೂರ್ತಿ ಹಿಡಿತ ಬರಲು ಒಂದರಿಂದ ಮೂರು ದಿನ ಬೇಕು. ಮೊದಲು ಗೋಡೆಯ ಧೂಳು ಒರೆಸಿ, ಪಟ್ಟಿ ಒತ್ತಿ ಹಿಡಿದು ಕೂರಿಸಿ, ಖಾಲಿ ಬಿಟ್ಟು, ಆಮೇಲೆ ವೈರ್ ಹಾಕಬೇಕು.

ಎರಡನೇ ಸಲ ನಾನು ಅಂಟಿನ ಗೊಡವೆಗೇ ಹೋಗದೆ ಸ್ಕ್ರೂ ಹಾಕಿಸಿದೆ. ನೀವೂ ಹಾಗೆ ಮಾಡುವುದಾದರೆ ಒಂದು ಮಾತು. ಪ್ಲಗ್ ಪಾಯಿಂಟ್‌ನ ನೇರ ಮೇಲೆ, ನೇರ ಕೆಳಗೆ, ನೇರ ಪಕ್ಕಕ್ಕೆ ಗೋಡೆ ಕೊರೆಯಬೇಡಿ. ಗೋಡೆಯೊಳಗಿನ ಕರೆಂಟ್ ವೈರ್ ಸಾಮಾನ್ಯವಾಗಿ ಆ ದಾರಿಯಲ್ಲೇ ಹೋಗಿರುತ್ತದೆ. ಗೋಡೆ ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ಪಟ್ಟಿಗೆ ಗೋಡೆಯ ಬಣ್ಣವನ್ನೇ ಬಳಿದರೆ ದೂರದಿಂದ ಕಾಣುವುದೇ ಇಲ್ಲ. ಟೀವಿಯನ್ನು ಮುಂದಕ್ಕೆ ಎಳೆದು ತಿರುಗಿಸುವ ಸ್ಟ್ಯಾಂಡ್ ಆದರೆ ಪೂರ್ತಿ ಮುಂದಕ್ಕೆ ಎಳೆದು ಎರಡೂ ಬದಿಗೆ ತಿರುಗಿಸಿ ನೋಡಿ, ಅಷ್ಟು ಸಡಿಲ ಬಿಟ್ಟು ಆಮೇಲೆ ಮುಚ್ಚಳ ಹಾಕಿ. ಇಲ್ಲದಿದ್ದರೆ ತಿರುಗಿಸಿದಾಗಲೆಲ್ಲ ಎಳೆತ ಬೀಳುವುದು ಟೀವಿಯ ತೂತಿಗೆ, ಅದು ಒಳಗೆ ಬೋರ್ಡಿನಿಂದ ಕಿತ್ತು ಬಂದರೆ ರಿಪೇರಿ ದೊಡ್ಡದು.

ಬಟ್ಟೆ ಕವಚದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೋಡಲು ಚೆನ್ನ, ಆದರೆ ಒಂದು ವೈರ್ ಬದಲಿಸಲು ಉದ್ದಕ್ಕೂ ಜಿಪ್ ತೆಗೆಯಬೇಕು, ಮತ್ತೆ ಹಾಕುವಾಗ ವೈರ್ ಜಿಪ್ಪಿಗೆ ಸಿಕ್ಕಿಕೊಳ್ಳುತ್ತದೆ. ಅರ್ಧಕ್ಕೆ ಕತ್ತರಿಸಿ, ಎಂದೂ ಬದಲಾಗದ ಎರಡು ಪವರ್ ವೈರ್‌ಗಳಿಗೆ ಮಾತ್ರ ಹಾಕಿದ್ದೇನೆ. ಪವರ್ ವೈರ್ ಒಂದು ಕಂತೆ, ಸಿಗ್ನಲ್ ವೈರ್ ಇನ್ನೊಂದು ಕಂತೆ ಇದ್ದರೆ ಒಳ್ಳೆಯದು. ಎಚ್‌ಡಿಎಂಐಗೆ ಒಳಗೇ ಲೋಹದ ಹೊದಿಕೆ ಇರುತ್ತದೆ, ಅದಕ್ಕೆ ಅಷ್ಟು ಚಿಂತೆ ಇಲ್ಲ. ಕೆಂಪು ಬಿಳಿ ಪಿನ್ನಿನ ಹಳೆಯ ಆಡಿಯೋ ವೈರ್ ಇದ್ದರೆ ಪವರ್ ವೈರಿನ ಜೊತೆ ಉದ್ದಕ್ಕೂ ಓಡಿಸಬೇಡಿ, ಸ್ಪೀಕರಿನಲ್ಲಿ ಗುಂಯ್ ಅನ್ನುವ ಸದ್ದು ಸೇರಿಕೊಳ್ಳಬಹುದು. ಎರಡೂ ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ. ಕ್ಲಿಪ್‌ಗಳು ಒಂದೇ ತಿಂಗಳಿಗೆ ಉದುರಿದವು, ಅಷ್ಟೇ.

ಈಗ ಆ ಡಬ್ಬ. ಕಿಟ್‌ನ ಮೇಲಿನ ಚಿತ್ರದಲ್ಲಿ ದೊಡ್ಡದಾಗಿ ಕಾಣುವುದು ಇದೇ. ಎಕ್ಸ್‌ಟೆನ್ಷನ್ ಬೋರ್ಡ್, ಅದಕ್ಕೆ ಸಿಕ್ಕಿಸಿದ ಅಡಾಪ್ಟರ್‌ಗಳು, ಮಿಕ್ಕ ವೈರ್ ಎಲ್ಲವನ್ನೂ ಒಳಗಿಟ್ಟು ಮುಚ್ಚಳ ಹಾಕಿದರೆ ಹೊರಗೆ ಒಂದು ಬಿಳಿ ಪೆಟ್ಟಿಗೆ ಮಾತ್ರ. ನನಗೂ ಖುಷಿಯಾಗಿತ್ತು. ಎರಡು ಗಂಟೆ ಟೀವಿ ನೋಡಿ ಮುಚ್ಚಳ ತೆಗೆದು ಕೈಯಿಟ್ಟೆ. ಒಳಗಿನ ಗಾಳಿಯೇ ಬಿಸಿ. ಅಡಾಪ್ಟರ್‌ಗಳ ಬೆನ್ನು ಮುಟ್ಟಿದರೆ ಕೈ ಹಿಂದೆಗೆಯುವಷ್ಟು ಬಿಸಿ. ಅಡಾಪ್ಟರ್ ಕೆಲಸ ಮಾಡುವಾಗ ಸ್ವಲ್ಪ ಕಾಯುವುದು ಸಹಜ, ಆ ಶಾಖ ಸುತ್ತಲಿನ ಗಾಳಿಗೆ ಹೋಗಬೇಕು. ಈ ಡಬ್ಬದಲ್ಲಿ ಎರಡು ಬದಿಗೆ ವೈರ್ ಹೋಗುವ ಸೀಳು ಬಿಟ್ಟರೆ ಗಾಳಿಗೆ ದಾರಿಯೇ ಇಲ್ಲ, ಆ ಸೀಳನ್ನೂ ವೈರ್‌ಗಳೇ ತುಂಬಿದ್ದವು. ಅದರ ಮೇಲೆ ಧೂಳು ಬೇರೆ. ಮಿಕ್ಕ ವೈರನ್ನು ಬಿಗಿಯಾಗಿ ಸುರುಳಿ ಸುತ್ತಿ ಒಳಗೇ ತುರುಕಿ ಅಂತ ಅದರ ಚೀಟಿಯಲ್ಲಿ ಬರೆದಿತ್ತು. ಅದನ್ನು ನಾನು ಖಂಡಿತ ಒಪ್ಪುವುದಿಲ್ಲ. ಕರೆಂಟ್ ಹರಿಯುವ ವೈರನ್ನು ಬಿಗಿಯಾಗಿ ಸುತ್ತಿಟ್ಟರೆ ಒಳಸುತ್ತಿನ ಶಾಖ ಹೊರಗೆ ಬರುವುದಿಲ್ಲ. ಟೀವಿ, ರೂಟರ್ ಎಳೆಯುವ ಕರೆಂಟ್ ಕಡಿಮೆ, ನಿಜ. ಆದರೆ ಯಾರೋ ಒಂದು ದಿನ ಅದೇ ಬೋರ್ಡಿಗೆ ರೂಮ್ ಹೀಟರೋ ಇಸ್ತ್ರಿ ಪೆಟ್ಟಿಗೆಯೋ ಹಾಕುತ್ತಾರೆ, ಒಳಗೆ ಏನಾಗುತ್ತಿದೆ ಅಂತ ಮುಚ್ಚಳದ ಮೇಲಿನಿಂದ ಕಾಣುವುದಿಲ್ಲ. ಸುಟ್ಟ ವಾಸನೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಬೋರ್ಡಿಗೆ ಇನ್ನೊಂದು ಬೋರ್ಡ್ ಸಿಕ್ಕಿಸಿ ಉದ್ದ ಮಾಡುವುದೂ ಬೇಡ.

ಡಬ್ಬದ ಬದಲು ನಾನು ಮಾಡಿದ್ದು ತುಂಬಾ ಸರಳ. ಸ್ಪೈಕ್ ಬಸ್ಟರ್ ಅಂತ ಮಾರುವ ಎಷ್ಟೋ ಎಕ್ಸ್‌ಟೆನ್ಷನ್ ಬೋರ್ಡ್‌ಗಳ ಬೆನ್ನಿನಲ್ಲಿ ಬೀಗದ ತೂತಿನ ಆಕಾರದ ಎರಡು ರಂಧ್ರ ಇರುತ್ತವೆ, ನೇತುಹಾಕುವುದಕ್ಕೆ ಅಂತಲೇ. ಟೀವಿ ಕಪಾಟಿನ ಒಳಬದಿಗೆ ಎರಡು ಸ್ಕ್ರೂ ಹಾಕಿ ಅದನ್ನು ನೆಲದಿಂದ ಮೇಲೆ ನೇತುಹಾಕಿದೆ. ಗಾಳಿ ಆಡುತ್ತದೆ, ಮುಂದಿನಿಂದ ಕಾಣುವುದಿಲ್ಲ, ನೆಲ ಒರೆಸುವಾಗ ನೀರು ತಾಗುವ ಭಯವೂ ಇಲ್ಲ. ಕಪಾಟಿನ ಕೆಳಗೆ ಈಗ ಪೊರಕೆ ಸಲೀಸಾಗಿ ಹೋಗುತ್ತದೆ.

ವೈರಿನ ಉದ್ದದ ಬಗ್ಗೆ ಒಂದಿಷ್ಟು. ಕಪಾಟಿನಿಂದ ಟೀವಿಗೆ ಬೇಕಾಗಿದ್ದು ಒಂದು ಮೀಟರ್ ಚಿಲ್ಲರೆ, ನಮ್ಮಲ್ಲಿದ್ದದ್ದು ಮೂರು ಮೀಟರಿನ ಎಚ್‌ಡಿಎಂಐ. ಮಿಕ್ಕ ಹತ್ತಿರಹತ್ತಿರ ಎರಡು ಮೀಟರನ್ನು ಎಲ್ಲಿ ಸುತ್ತಿಟ್ಟರೂ ದಪ್ಪ ಗಂಟು. ಒಂದು ದಾರ ಹಿಡಿದು ವೈರ್ ಹೋಗುವ ದಾರಿಯಲ್ಲೇ ಅಳೆದು, ಅದಕ್ಕೆ ಒಂದು ಗೇಣು ಸೇರಿಸಿ, ಒಂದೂವರೆ ಮೀಟರಿನದ್ದು ತಂದೆ. ಅರ್ಧ ಗೋಜಲು ಅಲ್ಲೇ ಹೋಯಿತು! ಬದಲಿಸಲಾಗದ ಪವರ್ ವೈರನ್ನು ಮಾತ್ರ ಅಗಲವಾಗಿ, ಸಡಿಲವಾಗಿ, ಇಂಗ್ಲಿಷಿನ 8ರ ಆಕಾರದಲ್ಲಿ ಹಾಸಿ ನಡುವೆ ವೆಲ್ಕ್ರೋ ಹಾಕಿದ್ದೇನೆ. ಬಿಚ್ಚಿದಾಗ ತಿರುಚಿಕೊಳ್ಳದೆ ನೇರ ಬರುತ್ತದೆ.

ಇಡೀ ಕಿಟ್ ಮತ್ತೆ ಕೊಳ್ಳುತ್ತೇನಾ? ಇಲ್ಲ. ಸೀಳಿರುವ ವೆಲ್ಕ್ರೋ ಪಟ್ಟಿ, ಬೇಕಾದಷ್ಟು ಉದ್ದದ ಕೇಸಿಂಗ್, ಮಾಸ್ಕಿಂಗ್ ಟೇಪ್, ಇಷ್ಟನ್ನು ಬಿಡಿಬಿಡಿಯಾಗಿ ತರುತ್ತೇನೆ. ಕೆಲಸಕ್ಕೆ ಅರ್ಧ ದಿನ ಹಿಡಿಯುತ್ತದೆ, ಅದರಲ್ಲಿ ಅರ್ಧ ಹೊತ್ತು ಧೂಳು ಒರೆಸುವುದಕ್ಕೇ.

ಹೋದ ತಿಂಗಳು ಸೆಟ್ ಟಾಪ್ ಬಾಕ್ಸ್ ಬದಲಾಯಿತು. ಎರಡು ವೆಲ್ಕ್ರೋ ಬಿಚ್ಚಿ, ಮೂರು ವೈರ್ ಎಳೆದು, ಹೊಸದು ಹಾಕಿ ಕಟ್ಟಲು ಐದು ನಿಮಿಷ ಹಿಡಿಯಲಿಲ್ಲ, ರೂಟರ್ ದೀಪ ಒಮ್ಮೆಯೂ ಆರಲಿಲ್ಲ. ಮೊನ್ನೆ ಮತ್ತೆ ಚಿತ್ರ ನಿಂತಾಗ ಅಮ್ಮ ಫೋನ್ ಮಾಡಿದಳು. "ಕೆಂಪು ಟೇಪಿಂದು ತಾನೇ? ಆಗಲೇ ತೆಗೆದು ಹಾಕಿದೆ ಕಣೇ, ಚಿತ್ರ ಬಂತು. ನೀನು ಸಂಜೆ ಎಷ್ಟೊತ್ತಿಗೆ ಬರ್ತೀಯ ಅಂತ ಕೇಳೋಕೆ ಮಾಡಿದೆ" ಅಂದಳು.